ರ‍್ಯಾಂಕ್‌ನ ಒತ್ತು ಎಲ್ಲಿ ಕಳೆಯಿತು: ಓಪನ್ ಸೋರ್ಸ್‌ಗೆ ಮೊದಲ ಪ್ಯಾಚ್ ಕಳಿಸಿದ ದಾಖಲೆ

ಸ್ಥಿತಿ: ಪ್ಯಾಚ್ (ಕೋಡ್‌ನ ತಿದ್ದುಪಡಿ) ಮರ್ಜ್ ಆಗಿದೆ, ಅಂದರೆ ಮೂಲ ಕೋಡ್‌ಗೆ ಸೇರಿದೆ. ಹೊಸ ಆವೃತ್ತಿ ಇನ್ನೂ ಬಿಡುಗಡೆ ಆಗಿಲ್ಲ. ಬದಲಾದದ್ದು ಒಂದು ಪೈಥಾನ್ ಫಂಕ್ಷನ್, ಜೊತೆಗೆ ಅದರ ಟೆಸ್ಟ್‌ಗಳು (ಕೋಡ್ ಸರಿಯಿದೆಯೇ ಅಂತ ಪರೀಕ್ಷಿಸುವ ಕೋಡ್). ಬದಲಾವಣೆ ಚಿಕ್ಕದು, ಅದರ ಹತ್ತಿರ ಬರೋಕೆ ಹಿಡಿದ ದಾರಿ ಮಾತ್ರ ಉದ್ದ. ಓಪನ್ ಸೋರ್ಸ್‌ಗೆ (ಯಾರು ಬೇಕಾದರೂ ಓದಿ ತಿದ್ದಬಹುದಾದ ಕೋಡ್‌ಗೆ) ಏನಾದರೂ ಕಳಿಸಬೇಕು, ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ಉಪಯೋಗವಾದೀತು ಅಂತ ಎಲ್ಲವನ್ನೂ ಕ್ರಮವಾಗಿ ಬರೆದಿಟ್ಟಿದ್ದೇನೆ.

0. ಸಾಮಾನು ಮತ್ತು ಖರ್ಚು

ಹಳೆ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಉಬುಂಟು 24.04. ಗಿಟ್ (ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಟೂಲ್), ಪೈಥಾನ್ 3.12, ಗಿಟ್‌ಹಬ್ (ಕೋಡ್ ಹಂಚಿಕೊಳ್ಳುವ ತಾಣ) ಖಾತೆ. ಇದರಲ್ಲಿ ಯಾವುದಕ್ಕೂ ದುಡ್ಡು ಕೊಟ್ಟಿಲ್ಲ. ಮನೆಯ ವೈಫೈ ಕೈಕೊಟ್ಟ ದಿನ ಹಾಕಿಸಿದ ಡೇಟಾ ಪ್ಯಾಕ್ 49 ರೂಪಾಯಿ. ತಪ್ಪಾಗಿ ಪ್ರಿಂಟ್ ಆದ ಪ್ರಮಾಣಪತ್ರ 60, ದಪ್ಪ ಹಾಳೆ ಒಂದಕ್ಕೆ 14 ರೂಪಾಯಿ, ಅಂದರೆ 840. ಒಟ್ಟು 889. ಈ 840 ರೂಪಾಯಿಯೇ ಇಡೀ ಕೆಲಸಕ್ಕೆ ಕಾರಣ.

1. ದೂರು

ನಮ್ಮ ಊರಿನ ಸಂಘದವರು ಪ್ರತಿವರ್ಷ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುತ್ತಾರೆ. ಪ್ರಮಾಣಪತ್ರ ತಯಾರಿಸುವ ಕೆಲಸ ನನ್ನ ತಲೆಗೆ. ಹೆಸರು, ಶಾಲೆ, ಸಾಧನೆ ಎಲ್ಲ ಒಂದು ಶೀಟ್‌ನಲ್ಲಿ ಬರುತ್ತವೆ. ಅದನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಫೈಲ್) ಮಾಡಿ, ಒಂದು ಚಿಕ್ಕ ಓಪನ್ ಸೋರ್ಸ್ ಟೂಲ್‌ನಲ್ಲಿ ಹಾಯಿಸಿ ಶುಚಿ ಮಾಡುತ್ತೇನೆ. ಜಾಸ್ತಿ ಬಿದ್ದ ಖಾಲಿ ಜಾಗ, ಎರಡೆರಡು ಸಲ ಬಂದ ಸಾಲು, ವಾಟ್ಸ್‌ಆ್ಯಪ್‌ನಿಂದ ಅಂಟಿಸಿದಾಗ ಬರುವ ಕಸ ಎಲ್ಲ ಅಲ್ಲಿ ಹೋಗುತ್ತದೆ. ಆಮೇಲೆ ಎಚ್‌ಟಿಎಂಎಲ್ ಟೆಂಪ್ಲೇಟ್‌ಗೆ ತುಂಬಿಸಿ, ಕ್ರೋಮಿಯಂನಲ್ಲಿ ಪಿಡಿಎಫ್ ತೆಗೆದು, ಪ್ರೆಸ್‌ಗೆ ಕೊಡುವುದು.

ಈ ಸಲ ಹಾಳೆ ಮನೆಗೆ ಬಂದಾಗ ನೋಡಿದರೆ, ಮೇಲಿನ ಶೀರ್ಷಿಕೆಯಲ್ಲಿ 'ರ‍್ಯಾಂಕ್ ಪ್ರಶಸ್ತಿ' ಸರಿಯಾಗಿದೆ. ಕೆಳಗೆ ಮಗುವಿನ ಸಾಧನೆ ಇರುವ ಸಾಲಿನಲ್ಲಿ 'ತಾಲ್ಲೂಕಿಗೆ 3ನೇ ರ್ಯಾಂಕ್'. 'ಯಾ' ಅಕ್ಷರದ ಪಕ್ಕ ಅರ್ಕಾವೊತ್ತು ಕೂತುಬಿಟ್ಟಿದೆ. ಸೂರ್ಯ, ಕಾರ್ಯ ಬರೆಯುವಾಗ ಅದು ಸರಿ. ಪದದ ಶುರುವಿನಲ್ಲೇ ಅರ್ಕಾವೊತ್ತು ಬಂದರೆ ಓದೋಕೆ ಆಗುತ್ತಾ? ಸಂಘದ ಕಾರ್ಯದರ್ಶಿ ಕನ್ನಡ ಮೇಷ್ಟ್ರು. ಅವರು ಹಾಳೆ ನೋಡಿ ಏನೂ ಹೇಳಲಿಲ್ಲ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟರು.

ಶೀರ್ಷಿಕೆ ಬೋಲ್ಡ್ ಫಾಂಟ್, ಕೆಳಗಿನ ಸಾಲು ಮಾಮೂಲಿ ಫಾಂಟ್. ಎರಡೂ ನೋಟೋ ಸಾನ್ಸ್ ಕನ್ನಡವೇ. ಹಾಗಾಗಿ ಫಾಂಟ್ ಅಥವಾ ಅಕ್ಷರ ಜೋಡಿಸುವ ಎಂಜಿನ್‌ನ ತೊಂದರೆ ಅಂತ ತೀರ್ಮಾನ ಮಾಡಿದೆ. ಕ್ರೋಮಿಯಂನಲ್ಲಿ ಅಕ್ಷರ ಜೋಡಿಸುವುದು ಹಾರ್ಫ್‌ಬಝ್ ಎಂಬ ಓಪನ್ ಸೋರ್ಸ್ ಎಂಜಿನ್. ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಅದೇ. ನಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕಾಣುವ ಬಹುತೇಕ ಪ್ರತಿ ಒತ್ತಕ್ಷರ ಅದರ ಕೈಯಿಂದಲೇ ಹಾದು ಬರುತ್ತದೆ. ಅಂಥ ಪ್ರಾಜೆಕ್ಟ್‌ನಲ್ಲಿ ಕನ್ನಡದ ಬಗ್ ಸಿಕ್ಕಿದೆ ಅಂದ್ರೆ ಖುಷಿ ಆಗದೆ ಇರುತ್ತದೆಯೇ?

ಇಶ್ಯೂ (ಪ್ರಾಜೆಕ್ಟ್ ನಡೆಸುವವರಿಗೆ ಕೊಡುವ ದೂರು) ಬರೆಯೋಕೆ ಕೂತೆ. ಶೀರ್ಷಿಕೆ 'ಕನ್ನಡ ಸರಿಯಾಗಿ ಬರುತ್ತಿಲ್ಲ' ಎಂಬರ್ಥದ್ದು. ಕೆಳಗೆ ಪಿಡಿಎಫ್‌ನ ಫೋಟೋ. ಕಳಿಸುವ ಮುಂಚೆ ಒಂದು ಪ್ರಶ್ನೆ ಬಂತು: ಕನ್ನಡ ಬಾರದವರು ಈ ಫೋಟೋ ನೋಡಿ ಏನು ಮಾಡಬೇಕು? ಯಾವುದು ಸರಿ, ಯಾವುದು ತಪ್ಪು ಅಂತ ಅವರಿಗೆ ಗೊತ್ತಾಗುವುದಿಲ್ಲ. ಯಾವ ಅಕ್ಷರ ಒಳಗೆ ಹೋಯಿತು, ಯಾವುದು ಹೊರಗೆ ಬಂತು ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಕರಡು ಹಾಗೇ ಬಿಟ್ಟು, ಕೋಡ್ ಇಳಿಸೋಣ ಅಂತ ಹೊರಟೆ.

2. ಕೋಡ್ ಇಳಿಸಿದ್ದು

ಡೇಟಾ ಉಳಿಸಲು, ಹಾರ್ಫ್‌ಬಝ್ ಕೋಡ್ ಇಳಿಸುವ ಗಿಟ್ ಕ್ಲೋನ್ ಕಮಾಂಡ್‌ಗೆ ಡೆಪ್ತ್ 1 (ಕೊನೆಯ ಸ್ಥಿತಿ ಮಾತ್ರ) ಎಂಬ ಆಯ್ಕೆ ಕೊಟ್ಟೆ. ಬೇಗ ಇಳಿಯಿತು. ಬಿಲ್ಡ್ ಮಾಡೋಕೂ (ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟೋಕೂ) ಅಡ್ಡಿಯಿಲ್ಲ. ಆದರೆ ಆಮೇಲೆ ಯಾವ ಸಾಲು ಯಾವಾಗ, ಯಾಕೆ ಬಂತು ಅಂತ ಗಿಟ್ ಬ್ಲೇಮ್‌ನಲ್ಲಿ ನೋಡಿದರೆ ಇಡೀ ಫೈಲ್ ಒಂದೇ ಕಮಿಟ್‌ನಲ್ಲಿ (ದಾಖಲಾದ ಒಂದು ಬದಲಾವಣೆಯಲ್ಲಿ) ಹುಟ್ಟಿದ ಹಾಗೆ ತೋರಿಸುತ್ತದೆ. ಇತಿಹಾಸವೇ ಇಳಿದಿಲ್ಲವಲ್ಲ. ಗಿಟ್ ಫೆಚ್‌ಗೆ ಅನ್‌ಶಾಲೋ ಆಯ್ಕೆ ಕೊಟ್ಟು ಉಳಿದದ್ದನ್ನು ತರಿಸಿಕೊಂಡೆ. ಆ 49 ರೂಪಾಯಿ ಹೋದದ್ದು ಇಲ್ಲಿ. ಹಳೆ ಕೋಡ್ ಓದುವ ಉದ್ದೇಶ ಇದ್ದರೆ ಪೂರ್ತಿ ಕ್ಲೋನ್ ಮಾಡಿ.

3. ಬಿಲ್ಡ್

ಹಾರ್ಫ್‌ಬಝ್ ಸಿ++ನಲ್ಲಿದೆ. ಬಿಲ್ಡ್‌ಗೆ ಮೆಸನ್ ಮತ್ತು ನಿಂಜಾ ಎಂಬ ಟೂಲ್‌ಗಳು. ಎರಡನ್ನೂ ಹಾಕಿಕೊಂಡು ಮೆಸನ್ ಸೆಟಪ್, ನಿಂಜಾ ಓಡಿಸಿದೆ. ಫ್ಯಾನ್ ಜೋರಾಗಿ ತಿರುಗಿತು. ಕೆಲವು ನಿಮಿಷದಲ್ಲಿ ಬಿಲ್ಡ್ ಮುಗಿಯಿತು, ಒಂದು ಎರರ್ ಕೂಡ ಇಲ್ಲ. ಯುಟಿಲ್ ಫೋಲ್ಡರ್ ತೆರೆದರೆ ನನಗೆ ಬೇಕಿದ್ದ, ಅಕ್ಷರ ಜೋಡಣೆ ತೋರಿಸುವ ಎಚ್‌ಬಿ-ಶೇಪ್ ಟೂಲ್ ಇಲ್ಲ.

ಕಾರಣ ಜಿಲಿಬ್ ಎಂಬ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್). ಎಚ್‌ಬಿ-ಶೇಪ್ ಬೇಕು ಅಂದರೆ ಜಿಲಿಬ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ ಇರಬೇಕು, ಚಿತ್ರ ಬಿಡಿಸುವ ಎಚ್‌ಬಿ-ವ್ಯೂ ಬೇಕು ಅಂದರೆ ಕೈರೋ ಕೂಡ ಬೇಕು. ಇಲ್ಲದಿದ್ದರೆ ಮೆಸನ್ ಜಗಳ ತೆಗೆಯುವುದಿಲ್ಲ. ಸುಮ್ನೆ ಆ ಭಾಗ ಬಿಟ್ಟು ಲೈಬ್ರರಿ ಮಾತ್ರ ಕಟ್ಟುತ್ತದೆ. ಸೆಟಪ್‌ನ ಕೊನೆಯಲ್ಲಿ ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಅನ್ನುವ ಪಟ್ಟಿ ಬಂದಿತ್ತು, ನಾನು ಸ್ಕ್ರಾಲ್ ಮಾಡಿ ದಾಟಿದ್ದೆ. ಬೇಕಾದ ಪ್ಯಾಕೇಜ್‌ಗಳ ಹೆಸರು ಪ್ರಾಜೆಕ್ಟ್‌ನ ಬಿಲ್ಡ್ ಸೂಚನೆಯಲ್ಲಿ ಸ್ಪಷ್ಟವಾಗಿವೆ: ಫ್ರೀಟೈಪ್, ಜಿಲಿಬ್, ಕೈರೋ. ಮೂರನ್ನೂ ಹಾಕಿ, ಬಿಲ್ಡ್ ಫೋಲ್ಡರ್ ಅಳಿಸಿ, ಮೊದಲಿನಿಂದ ಓಡಿಸಿದೆ. ಈ ಸಲ ಎಲ್ಲ ಬಂತು.

ಇನ್ನೊಂದು ಮಾತು. ಬರೀ ಎಚ್‌ಬಿ-ಶೇಪ್ ಬಳಸೋಕೆ ಇಷ್ಟೆಲ್ಲ ಬೇಡವೇ ಬೇಡ. ಉಬುಂಟುವಿನಲ್ಲಿ ಲಿಬ್‌ಹಾರ್ಫ್‌ಬಝ್-ಬಿನ್ ಅನ್ನುವ ಪ್ಯಾಕೇಜ್ ಇದೆ, ಒಂದೇ ಕಮಾಂಡ್. ಅದು ಗೊತ್ತಾದದ್ದು ಎರಡನೇ ಬಿಲ್ಡ್ ಮುಗಿದ ಮೇಲೆ. ಆದರೂ ಬಿಲ್ಡ್ ವ್ಯರ್ಥ ಆಗಲಿಲ್ಲ, ಹಂತ 5ರಲ್ಲಿ ಬೇಕಾಯಿತು.

4. ಅಕ್ಷರ ಬಿಚ್ಚಿ ನೋಡಿದ್ದು

ಎಚ್‌ಬಿ-ಶೇಪ್‌ಗೆ ಫಾಂಟ್ ಫೈಲ್ ಕೊಟ್ಟು, ಪದ ಕೊಟ್ಟರೆ, ಯಾವ ಗ್ಲಿಫ್ (ಫಾಂಟ್‌ನಲ್ಲಿರುವ ಒಂದು ಅಕ್ಷರದ ಆಕಾರ) ಯಾವ ಕ್ರಮದಲ್ಲಿ ಎಷ್ಟು ಅಗಲಕ್ಕೆ ಬಂತು ಅಂತ ಒಂದು ಸಾಲಿನಲ್ಲಿ ಹೇಳುತ್ತದೆ. ಪದದ ಬದಲು ನೇರವಾಗಿ ಯೂನಿಕೋಡ್ ಸಂಖ್ಯೆಗಳನ್ನೂ (ಪ್ರತಿ ಅಕ್ಷರಕ್ಕೂ ಕಂಪ್ಯೂಟರ್‌ನಲ್ಲಿ ಇರುವ ಸಂಖ್ಯೆ) ಕೊಡಬಹುದು. ನಾನು ಸಂಖ್ಯೆಯಲ್ಲೇ ಕೊಟ್ಟೆ, ಯಾಕಂದ್ರೆ ಇಲ್ಲಿ ಆಟವಾಡುತ್ತಿರುವುದು ಕಣ್ಣಿಗೆ ಕಾಣದ ಒಂದು ಅಕ್ಷರ.

ಕನ್ನಡದಲ್ಲಿ ರ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ, 'ಕ್' ಅಕ್ಷರದಲ್ಲಿ ಇರುವಂಥದ್ದು), ಯ ಅಂತ ಬರೆದರೆ ಅರ್ಕಾವೊತ್ತು ಬರುತ್ತದೆ. ಅದು ಬೇಡ, ರ ಪೂರ್ತಿ ನಿಂತು ಕೆಳಗೆ ಯ ಒತ್ತು ಬರಲಿ ಅಂದರೆ ರ ಆದ ತಕ್ಷಣ ಝೀರೋ ವಿಡ್ತ್ ಜಾಯ್ನರ್ ಎಂಬ ಆ ಕಾಣದ ಅಕ್ಷರ ಹಾಕಬೇಕು, ಆಮೇಲೆ ವಿರಾಮ, ಆಮೇಲೆ ಯ. ಯೂನಿಕೋಡ್ ಹೇಳುವ ಕ್ರಮ ಇದು. ಜಾಯ್ನರ್‌ನ ಸಂಖ್ಯೆ ಹೆಕ್ಸ್‌ನಲ್ಲಿ 200ಡಿ. ಅದರ ಪಕ್ಕದ ಮನೆಯ ನಾನ್-ಜಾಯ್ನರ್ 200ಸಿ, ನಾವು 'ಸಾಫ್ಟ್‌ವೇರ್' ಬರೆಯುವಾಗ ಟ್ ಮತ್ತು ವೇ ಬೇರೆಯಾಗಿ ನಿಲ್ಲಲು ಬಳಸುವುದು. ಇವೆರಡಕ್ಕೂ ಅಗಲ ಇಲ್ಲ, ಆಕಾರ ಇಲ್ಲ. ಹಾರ್ಫ್‌ಬಝ್ ಮಾಮೂಲಾಗಿ ಇವನ್ನು ಅಳಿಸುವುದೂ ಇಲ್ಲ, ಅಗಲ ಸೊನ್ನೆ ಮಾಡಿ ಇಡುತ್ತದೆ.

ಮೂರು ಥರ ಕೊಟ್ಟು ನೋಡಿದೆ:

- ರ, ವಿರಾಮ, ಯ: ಯ ಮತ್ತು ಅರ್ಕಾವೊತ್ತು. ಹಾಗೇ ಬರಬೇಕು.
- ರ, ಜಾಯ್ನರ್, ವಿರಾಮ, ಯ: ರ, ಕೆಳಗೆ ಯ ಒತ್ತು. ಹಾಗೇ ಬರಬೇಕು.
- ರ, ವಿರಾಮ, ಜಾಯ್ನರ್, ಯ: ಇದು ಯೂನಿಕೋಡ್ ಹೇಳುವ ಕ್ರಮ ಅಲ್ಲ, ಹಳೆ ಬರಹಗಳಲ್ಲಿ ಸಿಗುತ್ತದೆ. ಇದಕ್ಕೂ ರ, ಕೆಳಗೆ ಯ ಒತ್ತು!

ಮೂರನೆಯದು ಕೆಟ್ಟುಹೋಗುತ್ತದೆ ಅಂತ ಕಾಯುತ್ತಿದ್ದೆ, ಅದೂ ಸರಿ. ಮಾಮೂಲಿ ಫಾಂಟ್, ಬೋಲ್ಡ್ ಫಾಂಟ್ ಎರಡರಲ್ಲೂ ಒಂದೇ ಫಲ. ಬಗ್ ಇಲ್ಲ.

5. ಕೋಡ್ ಮುರಿದು ನೋಡಿದ್ದು

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಮೂರನೆಯದು ಹೇಗೆ ಸರಿ ಬಂತು ಅಂತ ಕುತೂಹಲ. ಇಂಡಿಕ್ ಲಿಪಿಗಳ ಶೇಪರ್ (ಅಕ್ಷರ ಜೋಡಿಸುವ ಕೋಡ್) ಫೈಲ್ ತೆರೆದು 'ಕನ್ನಡ' ಅಂತ ಹುಡುಕಿದೆ. ಸಿಕ್ಕಿತು. ಕನ್ನಡದ ಹಳೆ ಬಳಕೆಗೆ ಹೊಂದಿಕೊಳ್ಳಲು ರ, ವಿರಾಮ, ಜಾಯ್ನರ್ ಬಂದರೆ ಅದನ್ನು ರ, ಜಾಯ್ನರ್, ವಿರಾಮ ಅಂತಲೇ ನಡೆಸಿಕೊಳ್ಳಬೇಕು ಅನ್ನುವ ಕಾಮೆಂಟ್. ಕೆಳಗೆ ಲಿಪಿ ಕನ್ನಡವೇ ಅಂತ ನೋಡಿ, ಎರಡನೆಯ ಮತ್ತು ಮೂರನೆಯ ಅಕ್ಷರಗಳನ್ನು ಅದಲುಬದಲು ಮಾಡುವ ಕೆಲವೇ ಸಾಲು. ಕಾಮೆಂಟ್‌ನಲ್ಲಿ ಇಶ್ಯೂ ಸಂಖ್ಯೆ 435. ಯಾರೋ ನನಗಿಂತ ಎಷ್ಟೋ ಮುಂಚೆ ಇದೇ ಒತ್ತಿನ ಹಿಂದೆ ಬಿದ್ದಿದ್ದಾರೆ! ಸಾವಿರಾರು ಸಾಲಿನ ಆ ಕೋಡ್‌ನಲ್ಲಿ ನಮ್ಮ ಭಾಷೆಗೆ ಮಾತ್ರ ಮೀಸಲಾದ ಒಂದು ತುಂಡು ನೋಡಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ, ಸುಳ್ಳೇಕೆ ಹೇಳಲಿ.

ಒಂದು ಟೆಸ್ಟ್ ಆದರೂ ಸೇರಿಸೋಣ ಅನ್ನಿಸಿತು. ಇಲ್ಲಿ ಟೆಸ್ಟ್ ಅಂದರೆ ಒಂದು ಸಾಲು. ಫಾಂಟ್ ಫೈಲ್, ಆಯ್ಕೆಗಳು, ಯೂನಿಕೋಡ್ ಸಂಖ್ಯೆಗಳು, ಬರಬೇಕಾದ ಗ್ಲಿಫ್‌ಗಳು, ನಡುವೆ ಅರ್ಧವಿರಾಮ ಚಿಹ್ನೆ (;). ಪೂರ್ತಿ ಫಾಂಟ್ ಹಾಕಿದರೆ ಭಾರ ಅಂತ, ಆ ಪದಕ್ಕೆ ಬೇಕಾದಷ್ಟು ಗ್ಲಿಫ್ ಮಾತ್ರ ಉಳಿಸಿ ಕತ್ತರಿಸಿದ ಫಾಂಟ್ ಇಡುತ್ತಾರೆ. ಅದರ ಹೆಸರು ಫೈಲ್‌ನ ಶಾ-1 ಹ್ಯಾಶ್ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು). ಇದನ್ನೆಲ್ಲ ಮಾಡಿಕೊಡುವ ರೆಕಾರ್ಡ್-ಟೆಸ್ಟ್ ಎಂಬ ಸ್ಕ್ರಿಪ್ಟ್ ಅಲ್ಲೇ ಇದೆ. ಫಾಂಟ್ ಕತ್ತರಿಸೋಕೆ ಫಾಂಟ್‌ಟೂಲ್ಸ್ ಬೇಕು. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಲ್ಲಿ ಹಾಕಲು ಹೋದರೆ ಉಬುಂಟು 24.04 ಬಿಡಲಿಲ್ಲ. ಸಿಸ್ಟಂನ ಪೈಥಾನ್ ಮುಟ್ಟಬೇಡ, ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೋ ಅನ್ನುತ್ತದೆ. ಮಾಡಿಕೊಂಡೆ. ಫಾಂಟ್ ಆರಿಸುವಾಗ ಲೈಸೆನ್ಸ್ ನೋಡಬೇಕು. ನೋಟೋ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ, ತೊಂದರೆ ಇಲ್ಲ. ವಿಂಡೋಸ್‌ನ ತುಂಗಾ ಫಾಂಟ್ ಎತ್ತಿ ಹಾಕುವ ಹಾಗಿಲ್ಲ.

ಸಾಲು ತಯಾರಾಯಿತು. ಕಳಿಸುವ ಮುಂಚೆ ಒಂದು ಪರೀಕ್ಷೆ. ಕನ್ನಡದ ಆ ಅದಲುಬದಲು ಸಾಲುಗಳನ್ನು ನನ್ನ ಕಾಪಿಯಲ್ಲಿ ಅಳಿಸಿ, ನನ್ನ ಟೆಸ್ಟ್ ಸೇರಿಸದೆ, ಇರುವ ಟೆಸ್ಟ್‌ಗಳನ್ನೇ ಓಡಿಸಿದೆ. ಕೆಂಪು (ಫೇಲ್). ಅಂದರೆ ಈ ಜಾಗವನ್ನು ಕಾಯುವ ಟೆಸ್ಟ್ ಆಗಲೇ ಇದೆ. ನನ್ನ ಸಾಲು ಹೊಸದೇನೂ ಹೇಳುವುದಿಲ್ಲ. ಸುಮ್ನೆ ಹೆಸರು ಬರಲಿ ಅಂತ ಕಳಿಸಿದರೆ ಇನ್ನೊಬ್ಬರು ಕೂತು ಓದಬೇಕು. ಬ್ರಾಂಚ್ (ನನ್ನ ಬದಲಾವಣೆ ಇದ್ದ ಕವಲು) ಅಳಿಸಿದೆ.

ಕೋಡ್ ಮುರಿದು ಟೆಸ್ಟ್ ಕೆಂಪಾಗುತ್ತಾ ನೋಡುವ ಈ ವಿಧಾನವನ್ನು ಹಂತ 8ರಲ್ಲೂ ಬಳಸಿದೆ. ಹೊಸ ಕೋಡ್‌ಬೇಸ್‌ನಲ್ಲಿ ಯಾವ ಸಾಲಿಗೆ ಕಾವಲಿದೆ, ಯಾವುದಕ್ಕಿಲ್ಲ ಅಂತ ತಿಳಿಯೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

6. ಕಳ್ಳ ಸಿಕ್ಕಿದ್ದು

ಎಂಜಿನ್ ಸರಿ, ಫಾಂಟ್ ಸರಿ. ಹಾಗಾದರೆ ಒಳಗೆ ಹೋದ ಅಕ್ಷರವೇ ಬೇರೆ ಇರಬೇಕು. 'ರ‍್ಯಾಂಕ್' ಪದದಲ್ಲಿ ಎಂಟು ಕೋಡ್‌ಪಾಯಿಂಟ್ (ಯೂನಿಕೋಡ್ ಸಂಖ್ಯೆ): ರ, ಜಾಯ್ನರ್, ವಿರಾಮ, ಯ, ಆ-ಕಾರದ ಚಿಹ್ನೆ, ಅನುಸ್ವಾರ, ಕ, ವಿರಾಮ. ಯುಟಿಎಫ್-8ನಲ್ಲಿ (ಯೂನಿಕೋಡ್ ಅಕ್ಷರವನ್ನು ಫೈಲ್‌ನಲ್ಲಿ ಇಡುವ ರೀತಿ) ಒಂದೊಂದಕ್ಕೆ 3 ಬೈಟ್, ಒಟ್ಟು 24. ಜಾಯ್ನರ್ ಹೋದರೆ 21.

ಶೀಟ್‌ನಿಂದ ಬಂದ ಸಿಎಸ್‌ವಿಯಲ್ಲಿ ಆ ಪದ ಕತ್ತರಿಸಿ ಬೈಟ್ ಎಣಿಸಿದೆ: 24. ಶುಚಿ ಮಾಡಿದ ಸಿಎಸ್‌ವಿಯಲ್ಲಿ: 21. ಎಚ್‌ಟಿಎಂಎಲ್‌ನಲ್ಲಿ: 21. ಶೀರ್ಷಿಕೆ ಸರಿ ಬಂದದ್ದು ಅದು ಟೆಂಪ್ಲೇಟ್‌ನಲ್ಲೇ ಇದ್ದುದರಿಂದ, ಶುಚಿ ಮಾಡುವ ಟೂಲ್ ಅದನ್ನು ಮುಟ್ಟಿರಲಿಲ್ಲ. ಬೋಲ್ಡ್ ಫಾಂಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಈ ಎಣಿಕೆಗೆ ಎರಡು ನಿಮಿಷ ಸಾಕು. ಹಂತ 2ಕ್ಕಿಂತ ಮೊದಲೇ ಮಾಡಬೇಕಾದ ಕೆಲಸ.

ಟೂಲ್‌ನ ಕೋಡ್ ತೆರೆದೆ. ಹೆಸರು ಹೇಳುವುದಿಲ್ಲ. ನಡೆಸುವವರು ಇಬ್ಬರೇ, ಬಿಡುವಿನಲ್ಲಿ ಮಾಡುವ ಕೆಲಸ, ಮತ್ತು ಈ ತಪ್ಪು ಅವರೊಬ್ಬರದ್ದಲ್ಲ. ಪೈಥಾನ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಯೂನಿಕೋಡ್ ವರ್ಗ ಕೇಳಬಹುದು. ಆ ವರ್ಗದ ಮೊದಲ ಅಕ್ಷರ 'ಸಿ' ಆಗಿದ್ದರೆ ಕಿತ್ತುಹಾಕು, ಇಷ್ಟೇ ಫಿಲ್ಟರ್. ಕಂಟ್ರೋಲ್ ಅಕ್ಷರ ತೆಗೆಯಲು ಎಲ್ಲೆಡೆ ಓಡಾಡುವ ಒಂದು ಸಾಲಿನ ಮದ್ದು ಇದು. ಬೈಟ್ ಆರ್ಡರ್ ಮಾರ್ಕ್, ಸಾಫ್ಟ್ ಹೈಫನ್, ಅಗಲವಿಲ್ಲದ ಸ್ಪೇಸ್ ಎಲ್ಲ 'ಸಿಎಫ್' (ಕಾಣದ ಫಾರ್ಮ್ಯಾಟ್ ಅಕ್ಷರ) ವರ್ಗದಲ್ಲಿವೆ, ಅವು ಹೋಗಲೇಬೇಕು. ನಮ್ಮ ಜಾಯ್ನರ್, ನಾನ್-ಜಾಯ್ನರ್ ಕೂಡ ಅದೇ 'ಸಿಎಫ್'. ಕಸದ ಜೊತೆ ಒತ್ತೂ ಹೋಯಿತು. ಪಟ್ಟಿ ಮತ್ತೆ ನೋಡಿದರೆ ಒಂದು ಶಾಲೆಯ ಹೆಸರಿನಲ್ಲಿದ್ದ 'ಇನ್‌ಸ್ಟಿಟ್ಯೂಟ್' ಕೂಡ 'ಇನ್ಸ್ಟಿಟ್ಯೂಟ್' ಆಗಿತ್ತು. ಮೇಷ್ಟ್ರ ಕಣ್ಣಿಗೂ ಅದು ಬಿದ್ದಿರಲಿಲ್ಲ.

7. ಇಶ್ಯೂ

ಈಗ ಬರೆದ ಇಶ್ಯೂ ಬೇರೆ ಥರ ಇತ್ತು. ಫೋಟೋ ಇಲ್ಲ. ಕೊಟ್ಟದ್ದು ಎಂಟು ಕೋಡ್‌ಪಾಯಿಂಟ್, ಬಂದದ್ದು ಏಳು, ಕಳೆದದ್ದು ಎರಡನೆಯದು. ತಪ್ಪು ಆಗುವ ಫೈಲ್, ಫಂಕ್ಷನ್ ಹೆಸರು. ನಕಲು ಮಾಡಿ ಓಡಿಸಬಹುದಾದ ಮೂರು ಸಾಲು ಪೈಥಾನ್. ಎಚ್‌ಬಿ-ವ್ಯೂನಲ್ಲಿ ತೆಗೆದ ಎರಡು ಚಿತ್ರ, ಒಂದರ ಪಕ್ಕ ಒಂದು: ಮೊದಲಿನದು ಬಳಕೆದಾರರು ಬರೆದದ್ದು, ಎರಡನೆಯದು ಟೂಲ್ ಮಾಡಿದ್ದು. ಕನ್ನಡ ಬಾರದವರಿಗೂ ಎರಡು ಬೇರೆ ಅಂತ ಕಾಣುತ್ತದೆ. ಕೊನೆಗೆ, ನಾನೇ ಸರಿಪಡಿಸಿ ಕಳಿಸಲೇ ಅಂತ ಒಂದು ಸಾಲು. ಅವರ ಕಾಂಟ್ರಿಬ್ಯೂಟಿಂಗ್ ಫೈಲ್‌ನಲ್ಲಿ (ಕೊಡುಗೆ ಕಳಿಸುವವರಿಗೆ ಇಟ್ಟ ಸೂಚನೆ) ಮೊದಲು ಇಶ್ಯೂ, ಆಮೇಲೆ ಕೋಡ್ ಅಂತ ಇತ್ತು. ಉತ್ತರ ಬೇಗ ಬಂತು, ಕಳಿಸಿ ಅಂದರು.

8. ಪ್ಯಾಚ್

ಮೊದಲ ಪ್ರಯತ್ನ: 200ಸಿ, 200ಡಿ ಎರಡಕ್ಕೂ ಪೂರ್ತಿ ವಿನಾಯಿತಿ. ಎರಡೇ ಸಾಲು. ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆದ ತಕ್ಷಣ ಎರಡು ಅಡ್ಡಿ. ಒಂದು, ಕಮಿಟ್‌ನಲ್ಲಿ ಸೈನ್ಡ್-ಆಫ್-ಬೈ (ಈ ಕೋಡ್ ಕಳಿಸುವ ಹಕ್ಕು ನನಗಿದೆ ಎಂಬ ಸಹಿ) ಸಾಲಿಲ್ಲ ಅಂತ ಬಾಟ್ ಕೆಂಪು ತೋರಿಸಿತು. ಕಮಿಟ್ ತಿದ್ದಿ ಆ ಸಾಲು ಸೇರಿಸಿ, ಫೋರ್ಸ್ ಪುಶ್ (ಹಳೆಯದರ ಮೇಲೆ ಬರೆದು ಕಳಿಸುವುದು) ಮಾಡಿದೆ. ಬರೀ ಫೋರ್ಸ್ ಅಲ್ಲ, ಫೋರ್ಸ್-ವಿತ್-ಲೀಸ್. ಬೇರೆಯವರ ಬದಲಾವಣೆ ಮಧ್ಯೆ ಬಂದಿದ್ದರೆ ಅದು ತಡೆಯುತ್ತದೆ. ಇನ್ನೊಂದು, ಟೆಸ್ಟ್‌ಗಳು ಓಡುತ್ತಲೇ ಇಲ್ಲ. ಇದು ತಪ್ಪಲ್ಲ. ಮೊದಲ ಸಲ ಕೊಡುಗೆ ಕಳಿಸುವವರ ಕೋಡ್‌ಗೆ ಮೇಂಟೈನರ್ (ಪ್ರಾಜೆಕ್ಟ್ ನಡೆಸುವವರು) ಒಪ್ಪಿಗೆ ಒತ್ತುವ ತನಕ ಗಿಟ್‌ಹಬ್ ಸಿಐ (ತಾನಾಗಿ ಓಡುವ ಟೆಸ್ಟ್‌ಗಳನ್ನು) ಓಡಿಸದೆ ಕಾಯಿಸಬಹುದು. ಮತ್ತೆ ಮತ್ತೆ ಪುಶ್ ಮಾಡಿ ಪ್ರಯೋಜನವಿಲ್ಲ.

ರಿವ್ಯೂನಲ್ಲಿ ಬಂದ ಆಕ್ಷೇಪ ಸರಿಯಾಗಿಯೇ ಇತ್ತು. ಇಂಗ್ಲಿಷ್ ಐಡಿ ಕಾಲಂಗಳಲ್ಲಿ ಈ ಕಾಣದ ಅಕ್ಷರ ಸಿಕ್ಕಿಕೊಂಡರೆ ಎರಡು ಪಟ್ಟಿ ಹೊಂದಿಸುವಾಗ ಐಡಿ ಕೂಡುವುದಿಲ್ಲ. ಫಿಲ್ಟರ್ ಹುಟ್ಟಿದ್ದೇ ಅದಕ್ಕೆ.

ಎರಡನೆಯದು: ಸ್ವಲ್ಪ ಓದಿಕೊಂಡು ಬಂದೆ. ಡೊಮೇನ್ ಹೆಸರುಗಳಲ್ಲಿ ಜಾಯ್ನರ್ ಎಲ್ಲಿ ಬಿಡಬಹುದು ಅನ್ನುವುದಕ್ಕೆ 2010ರ ಆರ್‌ಎಫ್‌ಸಿ 5892ರಲ್ಲಿ (ಇಂಟರ್ನೆಟ್ ಮಾನದಂಡದ ದಾಖಲೆ) ನಿಯಮ ಇದೆ: ಅದರ ಹಿಂದಿನ ಅಕ್ಷರ ವಿರಾಮ ಆಗಿದ್ದರೆ ಬಿಡು. ವಿರಾಮ ಗುರುತಿಸೋಕೂ ಸುಲಭ, ಪೈಥಾನ್‌ನ ಕಂಬೈನಿಂಗ್ ಫಂಕ್ಷನ್ 9 ಅಂತ ಉತ್ತರ ಕೊಟ್ಟರೆ ವಿರಾಮ. ಕನ್ನಡ, ತೆಲುಗು, ದೇವನಾಗರಿ, ಮಲಯಾಳಂ ಎಲ್ಲಕ್ಕೂ 9ಏ. ಅಂತರರಾಷ್ಟ್ರೀಯ ನಿಯಮ, ಯಾರು ಪ್ರಶ್ನೆ ಮಾಡುತ್ತಾರೆ ಅಂತ ಬರೆದೆ. ಟೆಸ್ಟ್ ಓಡಿಸಿದೆ. 'ಸಾಫ್ಟ್‌ವೇರ್' ಪಾಸ್. 'ರ‍್ಯಾಂಕ್' ಫೇಲ್!

ನೋಡಿದರೆ ಕಾರಣ ಎದುರಿಗೇ ಇದೆ. ಬಹಳಷ್ಟು ಕಡೆ ಜಾಯ್ನರ್ ವಿರಾಮದ ನಂತರ ಬರುತ್ತದೆ. ಕನ್ನಡದ ರ‍್ ಒಳಗೆ ವಿರಾಮಕ್ಕಿಂತ ಮುಂಚೆ ಬರುತ್ತದೆ. ಹಿಂದಿನ ಅಕ್ಷರ ರ, ವಿರಾಮ ಅಲ್ಲ. ನಮ್ಮ ಒಂದು ಒತ್ತು ಆ ನಿಯಮದ ಹೊರಗೆ ಬಿದ್ದಿದೆ. ಹಂತ 4ರಲ್ಲಿ ಮೂರು ಕ್ರಮ ಬಿಡಿಸಿ ನೋಡದೆ ಇದ್ದಿದ್ದರೆ ಇದನ್ನು ಹಿಡಿಯೋಕೆ ಇನ್ನೆಷ್ಟು ಹೊತ್ತು ಆಗುತ್ತಿತ್ತೋ. ಅರ್ಕಾವೊತ್ತೇ ಬೇಡ ಅಂತ ಸೂರ‍್ಯ, ಕಾರ‍್ಯ ಎಂದೇ ಬರೆಯುವ ಕನ್ನಡಿಗರೂ ಇದ್ದಾರೆ. ಅವರ ಪಠ್ಯ ಈ ಫಿಲ್ಟರ್‌ನಲ್ಲಿ ಹಾದರೆ ಪ್ರತಿ ಪ್ಯಾರಾದಲ್ಲೂ ಏಟು.

ಮೂರನೆಯದು: ಎರಡೂ ಪಕ್ಕ ನೋಡು, ಯಾವುದಾದರೂ ಒಂದು ಪಕ್ಕ ವಿರಾಮ ಇದ್ದರೆ ಉಳಿಸು. ಕನ್ನಡ ಎಲ್ಲ ಪಾಸ್. ಈ ಸಲ ರಿವ್ಯೂ ಮಾಡಿದವರು ಎರಡು ಉದಾಹರಣೆ ಹಾಕಿದರು. ಪರ್ಷಿಯನ್‌ನಲ್ಲಿ ಪದದ ನಡುವೆ ನಾನ್-ಜಾಯ್ನರ್ ಬರುತ್ತದೆ, ಅಲ್ಲಿ ವಿರಾಮ ಅನ್ನುವುದೇ ಇಲ್ಲ. ಅಪ್ಪ, ಅಮ್ಮ, ಮಗು ಒಟ್ಟಿಗೆ ಇರುವ ಎಮೋಜಿ ಕೂಡ ಬಿಡಿ ಎಮೋಜಿಗಳನ್ನು ಜಾಯ್ನರ್‌ನಿಂದ ಕಟ್ಟಿದ್ದು. ನನ್ನ ನಿಯಮದಲ್ಲಿ ಆ ಸಂಸಾರ ಒಡೆದು ಮೂರು ಪಾಲಾಗಿತ್ತು.

ನಾಲ್ಕನೆಯದು ನಿಂತಿತು. ವಿರಾಮ ಪಕ್ಕದಲ್ಲಿದ್ದರೆ ಉಳಿಸು. ಇಲ್ಲದಿದ್ದರೆ, ಯಾವುದಾದರೂ ಪಕ್ಕ ಇಂಗ್ಲಿಷ್ ಅಕ್ಷರ, ಅಂಕಿ, ಖಾಲಿ ಜಾಗ ಅಥವಾ ಸೆಲ್‌ನ ಅಂಚು ಇದ್ದರೆ ತೆಗೆ. ಉಳಿದದ್ದೆಲ್ಲ ಹಾಗೇ ಬಿಡು. ಮೊದಲ ಷರತ್ತು ಅನಗತ್ಯ, ಎರಡನೆಯದೇ ಸಾಕಲ್ವಾ ಅಂತ ಅದನ್ನು ತೆಗೆಯೋಕೂ ಹೊರಟಿದ್ದೆ. ಆಫೀಸಿನ ಮಲಯಾಳಿ ಗೆಳೆಯರೊಬ್ಬರು ತಡೆದರು. ಮಲಯಾಳಂನ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳ ವಿಶೇಷ ರೂಪ) ಸ್ವಂತ ಕೋಡ್‌ಪಾಯಿಂಟ್ ಸಿಕ್ಕಿದ್ದು 2008ರ ಯೂನಿಕೋಡ್ 5.1ರಲ್ಲಿ. ಅದಕ್ಕಿಂತ ಹಿಂದಿನ ಪಠ್ಯದಲ್ಲಿ ವ್ಯಂಜನ, ವಿರಾಮ, ಜಾಯ್ನರ್ ಅಂತ ಬರೆಯುತ್ತಿದ್ದರು, ಅದೂ ಬಹಳಷ್ಟು ಸಲ ಪದದ ಕೊನೆಯಲ್ಲಿ. ಸೆಲ್‌ನ ಅಂಚಿನಲ್ಲಿರುವ ಜಾಯ್ನರ್ ತೆಗೆದರೆ ಅವರ ಹೆಸರುಗಳ ಕೊನೆ ಅಕ್ಷರ ಕೆಡುತ್ತದೆ. ಷರತ್ತು ಉಳಿಯಿತು, ಅದಕ್ಕೊಂದು ಟೆಸ್ಟ್ ಸೇರಿತು. ಆಮೇಲೆ ಷರತ್ತುಗಳನ್ನು ಒಂದೊಂದಾಗಿ ಅಳಿಸಿ ಓಡಿಸಿದೆ. ಪ್ರತಿ ಸಲವೂ ಯಾವುದಾದರೂ ಒಂದು ಟೆಸ್ಟ್ ಕೆಂಪಾಯಿತು.

ಟೆಸ್ಟ್ ಬರೆದ ರೀತಿಯಲ್ಲೂ ಒಂದು ತಿದ್ದುಪಡಿ. ನಾನು ಕನ್ನಡ ಪದಗಳನ್ನು ನೇರವಾಗಿ ಟೈಪ್ ಮಾಡಿದ್ದೆ. ಓದುವವರಿಗೆ ಎರಡು ಸಾಲು ಅಕ್ಕಪಕ್ಕ ಒಂದೇ ಥರ ಕಾಣುತ್ತವೆ, ನಡುವಿನ ಜಾಯ್ನರ್ ಡಿಫ್‌ನಲ್ಲಿ (ಬದಲಾದ ಸಾಲುಗಳ ಹೋಲಿಕೆಯಲ್ಲಿ) ಕಾಣುವುದಿಲ್ಲ. ಎಡಿಟರ್ ಅದನ್ನು ತಿಂದರೂ ಯಾರಿಗೂ ಗೊತ್ತಾಗದು. ಪೈಥಾನ್‌ನಲ್ಲಿ ಅಕ್ಷರದ ಯೂನಿಕೋಡ್ ಹೆಸರನ್ನೇ ಸ್ಟ್ರಿಂಗ್ ಒಳಗೆ ಬರೆಯಬಹುದು. ಹಾಗೆ 'ಝೀರೋ ವಿಡ್ತ್ ಜಾಯ್ನರ್' ಅಂತ ಪೂರ್ತಿ ಹೆಸರು ಬರೆದು, ಪಕ್ಕದಲ್ಲಿ ಕಾಮೆಂಟ್ ಆಗಿ ಕನ್ನಡ ಪದ ಹಾಕಿದೆ. ಸಾಲು ಉದ್ದ ಆಯಿತು ಅಂತ ಲಿಂಟರ್ (ಕೋಡ್‌ನ ಶೈಲಿ ನೋಡುವ ಟೂಲ್) ಗೊಣಗಿತು, ಮುರಿದು ಬರೆದೆ.

9. ಮರ್ಜ್, ಮತ್ತು ಉಳಿದದ್ದು

ಎಲ್ಲ ಕಮಿಟ್ ಒಂದಾಗಿ ಮಡಚಿ ಮರ್ಜ್ ಮಾಡಿದರು. ಹೊಸ ಆವೃತ್ತಿ ಬರುವ ತನಕ ನನ್ನ ಪ್ರಮಾಣಪತ್ರದ ಸ್ಕ್ರಿಪ್ಟ್ ನೇರವಾಗಿ ಆ ಕಮಿಟ್‌ನಿಂದಲೇ ಟೂಲ್ ಹಾಕಿಕೊಳ್ಳುತ್ತದೆ. 60 ಹಾಳೆ ಮತ್ತೆ ಪ್ರಿಂಟ್ ಆಗಿ ಹೋದವು. ಕಳಿಸುವ ಮುಂಚೆ ಪಿಡಿಎಫ್ ಅಲ್ಲ, ಎಚ್‌ಟಿಎಂಎಲ್‌ನಲ್ಲೇ 200ಡಿ ಎಷ್ಟು ಸಲ ಇದೆ ಅಂತ ಎಣಿಸಿ, ಮೂಲ ಸಿಎಸ್‌ವಿಯ ಎಣಿಕೆಗೆ ಟೆಂಪ್ಲೇಟ್‌ನದ್ದು ಕೂಡಿಸಿ ತಾಳೆ ನೋಡುವ ಒಂದು ಸಾಲು ಸ್ಕ್ರಿಪ್ಟ್‌ಗೆ ಸೇರಿಸಿದ್ದೇನೆ.

ಒಂದು ತೊಂದರೆ ಬಾಕಿ ಇದೆ. ಪದದ ಕೊನೆಯ ವಿರಾಮದ ನಂತರ ನಾನ್-ಜಾಯ್ನರ್ ಇರುವ ಸೆಲ್‌ಗಳು ಸಿಗುತ್ತವೆ. ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಎರಡೂ 'ರ‍್ಯಾಂಕ್', ಕಂಪ್ಯೂಟರ್‌ಗೆ ಎರಡು ಬೇರೆ ಪದ. ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಪಠ್ಯದ ಬೇರೆ ಬೇರೆ ರೂಪಗಳನ್ನು ಒಂದಾಗಿಸುವುದು) ಕೂಡ ಇದನ್ನು ಮುಟ್ಟುವುದಿಲ್ಲ. ನನ್ನ ನಿಯಮದಲ್ಲಿ ಪಕ್ಕ ವಿರಾಮ ಇರುವುದರಿಂದ ಅದು ಉಳಿದುಬಿಡುತ್ತದೆ, ಹಾಗಾಗಿ ಎರಡು ಸಲ ಬಂದ ಹೆಸರು ಕೆಲವೊಮ್ಮೆ ಎರಡಾಗಿಯೇ ಇರುತ್ತವೆ. ಸೆಲ್‌ನ ಕೊನೆಯಲ್ಲಿ ಜಾಯ್ನರ್ ಉಳಿಸಿ ನಾನ್-ಜಾಯ್ನರ್ ಮಾತ್ರ ತೆಗೆದರೆ ಮಲಯಾಳಂಗೂ ಏಟು ಬೀಳದು. ಅದಕ್ಕೆ ಬೇರೆ ಇಶ್ಯೂ ತೆರೆದಿದ್ದೇನೆ. ಸಿಂಹಳ, ಬಂಗಾಳಿ ಪಠ್ಯದಲ್ಲಿ ಇದರಿಂದ ಏನಾದರೂ ಕೆಡುತ್ತದೆಯೇ ಅಂತ ಆ ಭಾಷೆ ಓದುವವರು ನೋಡಿ ಹೇಳಬೇಕು ಅಂತ ಅದರಲ್ಲಿ ಬರೆದಿದೆ. ಅವರಿಂದ ಉತ್ತರ ಬರುವ ತನಕ ಕೋಡ್ ಮುಟ್ಟುತ್ತಿಲ್ಲ.